ಮುಪ್ಪು, ಮರೆವು ಮತ್ತು ಕಾಡಿನ ಊಟ

ಮುಪ್ಪಿನಲ್ಲಿ ಒಂದು ಹೆಸರು ತಟ್ಟನೆ ನೆನಪಿಗೆ ಬಾರದಿರುವುದು ಬೇರೆ. ಮನೆಯ ದಾರಿ, ಮಕ್ಕಳ ಮುಖ ಮರೆಸುವ ಡಿಮೆನ್ಷಿಯಾ ಕಾಯಿಲೆ ಬೇರೆ. ಈ ಕಾಯಿಲೆ ಎಲ್ಲ ಜನಾಂಗಗಳಲ್ಲೂ ಒಂದೇ ಪ್ರಮಾಣದಲ್ಲಿಲ್ಲ.

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕಾಡುಗಳಲ್ಲಿ ಚಿಮಾನೆ ಎಂಬ ಮೂಲನಿವಾಸಿಗಳಿದ್ದಾರೆ. 60 ವರ್ಷ ದಾಟಿದ 435 ಚಿಮಾನೆಯರನ್ನೂ ಅವರ ನೆರೆಯ 169 ಮೊಸೆಟೆನ್ ಜನರನ್ನೂ ತಜ್ಞರು ಪರೀಕ್ಷಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಡಿಮೆನ್ಷಿಯಾ ಕಂಡದ್ದು ನೂರಕ್ಕೆ ಸುಮಾರು ಒಬ್ಬರಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 65 ದಾಟಿದವರ ಪೈಕಿ ಈ ಸಂಖ್ಯೆ ಸುಮಾರು 11. ಸಣ್ಣಪುಟ್ಟ ಮರೆವು ಮಾತ್ರ ಚಿಮಾನೆಯರಲ್ಲೂ ಇತರರಷ್ಟೇ ಇತ್ತು.

ಇವರು ತಿನ್ನುವುದೇನು? ಬಾಳೆಕಾಯಿ, ಮರಗೆಣಸು, ಅಕ್ಕಿ, ಮುಸುಕಿನ ಜೋಳ, ಹೊಳೆಯ ಮೀನು, ಬೇಟೆಯ ಮಾಂಸ. ಊಟದ ಶಕ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಪಿಷ್ಟದಿಂದಲೇ ಬರುತ್ತದೆ. (ಅನ್ನವನ್ನೇ ಬಿಡಿ ಎನ್ನುವ ಪಟ್ಟಣದ ಪಂಡಿತರು ಇದನ್ನು ಗಮನಿಸಬೇಕು.) ಆದರೆ ಅದು ನಾರುಳ್ಳ ಪಿಷ್ಟ, ಎಣ್ಣೆ, ಸಕ್ಕರೆ ಕಡಿಮೆ. ಅದನ್ನು ಬೆಳೆಯಲು, ಹಿಡಿದು ತರಲು ದಿನವಿಡೀ ಮೈ ಬಗ್ಗಿಸಬೇಕು. ಮುದುಕರೂ ಸುಮ್ಮನೆ ಕೂರುವುದಿಲ್ಲ. 2017ರ ಅಧ್ಯಯನವೊಂದರಲ್ಲಿ, ಅದುವರೆಗೆ ಪರೀಕ್ಷಿಸಿದ ಜನಸಮುದಾಯಗಳ ಪೈಕಿ ಇವರ ಹೃದಯದ ರಕ್ತನಾಳಗಳೇ ಅತಿ ಆರೋಗ್ಯವಾಗಿದ್ದವು. ರಕ್ತನಾಳ ಕೆಟ್ಟರೆ ಮಿದುಳಿಗೂ ಕೇಡೆಂಬುದು ವೈದ್ಯರು ಒಪ್ಪಿದ ಮಾತು. ಆದ್ದರಿಂದ ನೆನಪಿನ ಶಕ್ತಿಗೆಂದು ಮಾರುವ ಡಬ್ಬಿ ಪುಡಿಗಳನ್ನು ನಾವು ನಂಬುವುದಿಲ್ಲ. ನಮ್ಮ ಒಂದೆಲಗದ ತಂಬುಳಿ ರುಚಿಯಾದದ್ದೇ. ಆದರೆ ಕುರ್ಚಿಯಲ್ಲಿ ಕುಳಿತವನನ್ನು ಅದೊಂದೇ ಕಾಯಲಾರದು.

ಬೊಲಿವಿಯಾ ದೂರವಾಯಿತು, ನಿಜ. ಆದರೆ ಕಾಡಿನ ಊಟದ ತಿಳಿವಳಿಕೆ ನಮ್ಮ ಲೈನ್ ಮನೆಗಳಲ್ಲೂ ಇದೆ. 1972ರ ವನ್ಯಜೀವಿ ಕಾಯ್ದೆಯ ನಂತರ ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳಿಗೆ ಬಂದರು. ಯರವರು ಅದಕ್ಕೂ ಮೊದಲಿನಿಂದ ಇದ್ದಾರೆ. ಕಾಡುಗೆಣಸು, ಕಣಿಲೆ, ಅಣಬೆ, ಏಡಿ, ಕೆಸು, ಹತ್ತಾರು ಬಗೆಯ ಸೊಪ್ಪು ಇವರ ಅಡಿಗೆಯಲ್ಲಿ ಇದ್ದವು. ಈಗ ಹೆಚ್ಚಾಗಿ ಪಡಿತರದ ಅಕ್ಕಿ, ಅಂಗಡಿಯ ಎಣ್ಣೆ, ಕೆಲವರಿಗೆ ಸಾರಾಯಿ. ಯಾವ ಸೊಪ್ಪು ತಿನ್ನಬಹುದೆಂದು ಅಜ್ಜಿ ಬಲ್ಲಳು, ಮೊಮ್ಮಗಳು ಅರಿಯಳು.

ಇದರಲ್ಲಿ ನಮ್ಮ ಪಾಲೂ ಉಂಟು. ಆ ಸೊಪ್ಪು ಬೆಳೆಯುವುದು ನಮ್ಮ ತೋಡಿನ ದಂಡೆಯಲ್ಲಿ, ಅಡಿಕೆ ತೋಟದ ಬಸಿಗಾಲುವೆಯಲ್ಲಿ. ಕಳೆನಾಶಕ ಮೊದಲು ಬೀಳುವುದೂ ಅಲ್ಲಿಯೇ. ಆ ಜಾಗವನ್ನು ಕತ್ತಿಯಿಂದ ಸವರಿಸಿದರೆ ಒಂದೆರಡು ಆಳಿನ ಖರ್ಚು ಹೆಚ್ಚು, ಅಷ್ಟೆ. ಮುಂಗಾರಿಗೆ ಮುಂಚೆ ಲೈನ್ ಮನೆಯ ಹಿರಿಯ ಹೆಂಗಸರೊಬ್ಬರನ್ನು ಕರೆದುಕೊಂಡು ಹೋಗಿ, ಎಲ್ಲೆಲ್ಲಿ ಮದ್ದು ಹೊಡೆಯಬಾರದೆಂದು ಅವರಿಂದಲೇ ಮೇಸ್ತ್ರಿಗೆ ತೋರಿಸಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.