ಬ್ಲಾಗೂ ಅದೇ, ಫೋರಮ್ಮೂ ಅದೇ!

ಬ್ಲಾಗೂ ಬೇಕು, ಹರಟೆಗೆ ಫೋರಮ್ಮೂ ಬೇಕು.
ಅದಕ್ಕೆ ಎರಡೆರಡು ಸಾಫ್ಟ್‌ವೇರ್ ಯಾಕೆ ಸ್ವಾಮಿ?

2000ನೇ ಇಸವಿ. ಬೆಲ್ಜಿಯಂನ ಆಂಟ್ವರ್ಪ್.
ಹಾಸ್ಟೆಲ್ ಹುಡುಗರು ಇಂಟರ್ನೆಟ್ ಹಂಚಿಕೊಂಡಿದ್ರು.
ಆದ್ರೆ ನೆಟ್ ಹೇಗಿದೆ, ರಾತ್ರಿ ಊಟ ಎಲ್ಲಿ,
ಇಷ್ಟು ಹೇಳ್ಕೊಳ್ಳೋಕೂ ಒಂದು ಜಾಗ ಇರಲಿಲ್ಲ.

ಡ್ರೀಸ್ ಬೊಯ್ಟಾರ್ಟ್ ಅನ್ನೋ ವಿದ್ಯಾರ್ಥಿ
ಒಂದು ಪುಟ್ಟ ಸೈಟ್ ಕಟ್ಟಿದ.
2001ರ ಜನವರಿಯಲ್ಲಿ ಅದರ ಕೋಡನ್ನ
ಎಲ್ಲರಿಗೂ ಬಿಟ್ಟುಕೊಟ್ಟ.
ಅದೇ ಡ್ರೂಪಲ್, ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರ್!

ಈಗ ಒಳಗಿನ ಕರಾಮತ್ತು ಕೇಳಿ.
ಅಲ್ಲಿ ನೀವು ಏನೇ ಬರೆದ್ರೂ ಅದೊಂದು ನೋಡ್.
ತಲೆಬರಹ, ಬರೆದವರ ಹೆಸರು,
ಕೆಳಗೆ ಸಾಲುಸಾಲು ಪ್ರತಿಕ್ರಿಯೆ.

ರುಬ್ಬಿಟ್ಟ ಹಿಟ್ಟು ಇದ್ದಂಗೆ.
ತಟ್ಟೆಗೆ ಹಾಕಿದ್ರೆ ಇಡ್ಲಿ,
ಕಾವಲಿಗೆ ಹುಯ್ದ್ರೆ ದೋಸೆ!

ಬರೆದವರ ಪ್ರಕಾರ ಜೋಡಿಸಿದ್ರೆ ಬ್ಲಾಗು.
ವಿಷಯದ ಪ್ರಕಾರ ಜೋಡಿಸಿದ್ರೆ ಫೋರಮ್ಮು.
ಲಾಗಿನ್ ಮಾತ್ರ ಒಂದೇ.
ಪಾಸ್‌ವರ್ಡ್ ಮರೆಯೋ ನಮ್ಮಂಥವರಿಗೆ
ಇದಕ್ಕಿಂತ ಉಪಕಾರ ಬೇಕಾ?

ಆಮೇಲೆ ಡ್ರೂಪಲ್ ದೊಡ್ಡದಾಯ್ತು.
2015ರ ಎಂಟನೇ ಆವೃತ್ತಿಯಲ್ಲಿ
ಬ್ಲಾಗ್ ಮಾಡ್ಯೂಲನ್ನ ಮೂಲ ಪ್ಯಾಕೇಜಿನಿಂದ ತೆಗೆದ್ರು.
2024ರಲ್ಲಿ, ಹನ್ನೊಂದನೇ ಆವೃತ್ತಿಗೆ ಬರೋ ಹೊತ್ತಿಗೆ, ಫೋರಮ್ಮೂ ಹೊರಗೆ.

ನನ್ನ ಕೇಳಿದ್ರೆ, ಸರಿಯಾಗೇ ಮಾಡಿದ್ರು.
ನೋಡ್ ಅಲ್ಲೇ ಇದೆಯಲ್ಲ!
ಬೇಕಾದವರು ಎರಡನ್ನೂ ಬೇರೆಯಾಗಿ ಹಾಕ್ಕೋಬಹುದು,
ಅದೂ ಪುಕ್ಕಟೆ.