ಒಂದು ಭಾಷೆ, ಎರಡು ಲಿಪಿ: ಸಿಂಧಿಯರ ಮೊಬೈಲು

ಕಲ್ಯಾಣ ದಾಟಿ ವಿಠ್ಠಲವಾಡಿಯಲ್ಲೋ ಉಲ್ಲಾಸನಗರದಲ್ಲೋ ಇಳಿದು ಸಿಂಧಿ ವ್ಯಾಪಾರಿಗಳ ಪೇಟೆಗೆ ಕೆಲಸಕ್ಕೆ ಹೋಗುವ ನಮ್ಮವರು ಅನೇಕರಿದ್ದಾರೆ. ಹೊಟೇಲಿನ ಗಲ್ಲೆಯಲ್ಲಿ ಕುಳಿತವರೂ ಬಟ್ಟೆಯಂಗಡಿಗಳಲ್ಲಿ ಲೆಕ್ಕ ಬರೆಯುವವರೂ ಸಿಂಧಿ ಮಾತನ್ನು ದಿನವೂ ಕೇಳುತ್ತಾರೆ. ಆದರೆ ಅದನ್ನು ಬರಹದಲ್ಲಿ ಕಂಡವರು ವಿರಳ. ಸಿಂಧಿ ತರುಣರೂ ಮೊಬೈಲಿನಲ್ಲಿ ತಮ್ಮ ಭಾಷೆಯನ್ನು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಇದನ್ನು ಬರಿಯ ಉದಾಸೀನವೆಂದು ತಿಳಿಯುವುದು ನ್ಯಾಯವಲ್ಲ.

ಎರಡನೆಯ ಮಹಾಯುದ್ಧ ಕಾಲದಲ್ಲಿ ಕಲ್ಯಾಣದ ಸಮೀಪ ಸೈನಿಕರಿಗಾಗಿ ಕಟ್ಟಿದ್ದ ಬಿಡಾರಗಳಲ್ಲಿ, 1947ರ ದೇಶವಿಭಜನೆಯ ತರುವಾಯ ಸಿಂಧ್ ಪ್ರಾಂತದಿಂದ ಬಂದ ನಿರಾಶ್ರಿತರನ್ನು ಇರಿಸಲಾಯಿತು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರು ಶಿಲಾನ್ಯಾಸ ನೆರವೇರಿಸಿದ ಮೇಲೆ ಆ ಸ್ಥಳವು ಉಲ್ಲಾಸನಗರವಾಯಿತು. ಒಂದನೆಯ ಕ್ಯಾಂಪು, ಐದನೆಯ ಕ್ಯಾಂಪು ಎಂಬ ಎಣಿಕೆ ಇಂದಿಗೂ ಅಲ್ಲಿನ ವಿಳಾಸಗಳಲ್ಲಿ ಉಳಿದಿದೆ.

ಮನೆಮಾರುಗಳನ್ನು ಬಿಟ್ಟು ಬಂದ ಆ ಜನರು ಲಿಪಿಯನ್ನು ಮಾತ್ರ ಸಂಗಡ ತಂದರು. ಅದು ಬ್ರಿಟಿಷರ ಆಡಳಿತದಲ್ಲಿ 1853ರಲ್ಲಿ ನಿಗದಿಯಾದ, ಬಲದಿಂದ ಎಡಕ್ಕೆ ಬರೆಯುವ, ಅರಬ್ಬಿ ಮೂಲದ 52 ಅಕ್ಷರಗಳ ಲಿಪಿ. ಭಾರತಕ್ಕೆ ಬಂದ ಮೇಲೆ ದೇವನಾಗರಿಯೇ ಸಾಕೆಂದು ಒಂದು ಪಕ್ಷ, ಹಿರಿಯರ ಸಾಹಿತ್ಯವೆಲ್ಲ ಅರಬ್ಬಿ ಲಿಪಿಯಲ್ಲಿದೆಯೆಂದು ಇನ್ನೊಂದು ಪಕ್ಷ. ಕಡೆಗೆ ಎರಡೂ ಬಳಕೆಯಲ್ಲಿ ಉಳಿದವು. 1967ರಲ್ಲಿ ಸಿಂಧಿಯು ಸಂವಿಧಾನದ 8ನೆಯ ಪರಿಚ್ಛೇದಕ್ಕೆ ಸೇರಿತಾದರೂ ಲಿಪಿಯ ವ್ಯಾಜ್ಯ ತೀರಲಿಲ್ಲ.

ನಮಗೆ ಪರಿಚಿತವಾದ ಉಲ್ಲಾಸನಗರದ ಮನೆಯೊಂದರಲ್ಲಿ ಇದರ ಫಲವನ್ನು ಕಣ್ಣಾರೆ ಕಂಡಿದ್ದೇವೆ. ಅಜ್ಜನಿಗೆ ಅರಬ್ಬಿ ಲಿಪಿಯ ಹೊರತು ಬೇರೆ ಓದು ಸುಲಭವಲ್ಲ. ನವಿ ಮುಂಬಯಿಯಲ್ಲಿ ಉದ್ಯೋಗದಲ್ಲಿರುವ ಮೊಮ್ಮಗಳಿಗೆ ಶಾಲೆಯ ಹಿಂದಿಯಿಂದ ಬಂದ ನಾಗರಿಯೊಂದೇ ಗೊತ್ತು. ಇಬ್ಬರೂ ಒಂದೇ ಭಾಷೆಯನ್ನಾಡುತ್ತಾರೆ. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಲಾರರು. ಆದುದರಿಂದ ಮೊಬೈಲಿನಲ್ಲಿ ಧ್ವನಿಯನ್ನು ಮುದ್ರಿಸಿ ಪರಸ್ಪರ ಕಳುಹಿಸುತ್ತಾರೆ. ಅಜ್ಜನ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನು ಮುಂದೆ ಆ ಮನೆಯಲ್ಲಿ ಓದುವವರಿಲ್ಲ.

ಸಿಂಧಿಯಲ್ಲಿ ನಮ್ಮ ಕಿವಿಗೆ ಹೊಸದಾದ ನಾಲ್ಕು ಧ್ವನಿಗಳಿವೆ. ಗ, ಜ, ಡ, ಬಗಳನ್ನು ಉಸಿರು ಒಳಕ್ಕೆಳೆದಂತೆ ನುಡಿಯುವ ಕ್ರಮವದು. ಸಾಧಾರಣ ಬಕಾರದಿಂದ ‘ಬಾರು’ ಎಂದರೆ ಹೊರೆ. ಒಳಕ್ಕೆಳೆದ ಬಕಾರದಿಂದ ಅದೇ ಮಾತು ಮಗುವಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮಗುವಿಗೂ ಹೊರೆಗೂ ಭೇದವಿಲ್ಲ. ಅರಬ್ಬಿ ಲಿಪಿಯಲ್ಲಿ ಈ ಧ್ವನಿಗಳಿಗೆ ಪ್ರತ್ಯೇಕ ಅಕ್ಷರಗಳುಂಟು. ಅವು ಉರ್ದು ಕೀಲಿಮಣೆಯಲ್ಲಿ ಇಲ್ಲ. ನಾಗರಿಯಲ್ಲಿ ಅಕ್ಷರದ ಕೆಳಗೆ ಅಡ್ಡಗೆರೆ ಎಳೆಯುತ್ತಾರೆ. ಅದು ಹಿಂದಿ ಕೀಲಿಮಣೆಯಲ್ಲಿ ದೊರೆಯದು. ಗಣಕಯಂತ್ರಗಳೆಲ್ಲ ಅನುಸರಿಸುವ ಯೂನಿಕೋಡ್ ಪದ್ಧತಿಯಲ್ಲಿ ದೇವನಾಗರಿಗೆ 1991ರಲ್ಲೇ ಸ್ಥಾನವಿದ್ದರೂ, ಗೆರೆಯುಳ್ಳ ಈ ನಾಲ್ಕು ಅಕ್ಷರಗಳಿಗೆ ಪ್ರತ್ಯೇಕ ಸ್ಥಾನ ದೊರೆತುದು 2006ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಇಂಗ್ಲಿಷ್ ಅಕ್ಷರಕ್ಕೆ ಒಗ್ಗಿಹೋಗಿತ್ತು.

ಈಗ ಗೂಗಲ್‌ನವರ ಜಿಬೋರ್ಡ್ ಎಂಬ ಕೀಲಿಮಣೆಯಲ್ಲಿ ಸಿಂಧಿಗೆ ಅರಬ್ಬಿ, ನಾಗರಿ ಎರಡೂ ಇವೆ. 52 ಅಕ್ಷರಗಳು ಬೆರಳಗಲದ ಗಾಜಿನ ಮೇಲೆ ಒಂದೇ ಸಲ ಹಿಡಿಯಲಾರವು. ಕೆಲವು ಅಕ್ಷರಗಳನ್ನು ಪಡೆಯಲು ಬೇರೆ ಕೀಲಿಯ ಮೇಲೆ ಬೆರಳನ್ನು ತುಸು ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಅಂಗಡಿಯವನಿಗೆ ಅಷ್ಟು ವ್ಯವಧಾನವೆಲ್ಲಿಯದು?

ನಮ್ಮ ಪಾಡು ಇಷ್ಟು ಕಠಿಣವಲ್ಲ. ನಮಗೆ ಲಿಪಿ ಒಂದೇ. ಅದನ್ನು ಯಂತ್ರಕ್ಕೆ ಹೊಂದಿಸಿದವರಲ್ಲಿ ಪ್ರಮುಖರು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾಯರು. ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರೆಂಬುದು ನಮಗೆ ಅಭಿಮಾನದ ಸಂಗತಿ. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ಅಕ್ಷರಗಳನ್ನೆಲ್ಲ ಮೂಡಿಸುವ ಅವರ ವಿನ್ಯಾಸವೇ ‘ನುಡಿ’ ತಂತ್ರಾಂಶಕ್ಕೆ ಆಧಾರವಾಯಿತು.

ಆದರೂ ಠಾಣೆ, ಡೊಂಬಿವಲಿಗಳ ನಮ್ಮ ಮನೆಗಳಿಂದ ಊರಿನ ಅಮ್ಮನಿಗೆ ಹೋಗುವ ಸಂದೇಶಗಳು ಎಂಥ ಅಕ್ಷರಗಳಲ್ಲಿವೆ? ಹೊಟೇಲಿನ ಗಲ್ಲೆಯಿಂದ ಪೇಟೆಗೆ ಹೋದ ಹುಡುಗನಿಗೆ ಬಿ, ಇ, ಎಲ್, ಇ ಎಂದು ನಾಲ್ಕಕ್ಷರ ಹೋಯಿತೆನ್ನಿ. ಅವನು ಬೇಳೆ ತರಬೇಕೋ, ಬೆಲೆ ವಿಚಾರಿಸಬೇಕೋ, ಈ ವರ್ಷದ ಬೆಳೆಯ ವರ್ತಮಾನವನ್ನು ಕೇಳಬೇಕೋ? ಸಿಂಧಿಯರಿಗೆ ದಾರಿ ಇರಲಿಲ್ಲ, ನಮಗೆ ಇದೆ.

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಕೀಲಿಮಣೆಯ ಭಾಷೆಗಳ ಪಟ್ಟಿಯನ್ನು ತೆರೆದು ಕನ್ನಡವನ್ನು ಸೇರಿಸಿಕೊಳ್ಳಬೇಕು. ಕನ್ನಡದ ಅಕ್ಷರಗಳನ್ನೇ ಒತ್ತುವ ಕ್ರಮವೂ, ಇಂಗ್ಲಿಷ್ ಕೀಲಿಗಳನ್ನು ಒತ್ತಿ ಕನ್ನಡ ಪಡೆಯುವ ಕ್ರಮವೂ ಅಲ್ಲಿವೆ. ವಯಸ್ಸಾದವರಿಗೆ ಮೊದಲನೆಯದು ಮೇಲೆಂದು ನಮ್ಮ ಅಭಿಪ್ರಾಯ. ಮರಳಿ ಇಂಗ್ಲಿಷ್ ಬೇಕಾದಲ್ಲಿ ಭೂಗೋಳದ ಚಿಹ್ನೆಯುಳ್ಳ ಕೀಲಿಯನ್ನು ಒತ್ತಿದರಾಯಿತು. ಆ ಚಿಹ್ನೆ ಕಾಣದಿದ್ದರೆ ಕೆಳಗಿನ ಉದ್ದನೆಯ ಖಾಲಿ ಕೀಲಿಯನ್ನು ಒತ್ತಿ ಹಿಡಿಯಬೇಕು.