ಕೈಗೆ ಹತ್ತಿದ ವಿದ್ಯೆ

ಬಹುದಿನಗಳ ಮೇಲೆ ಭೇಟಿಯಾದವರು ಪರಸ್ಪರ ಕೇಳಿಕೊಳ್ಳುವ ಮೊದಲ ಮಾತು ‘ಕುಶಲವೇ?’ ಎಂಬುದು. ಈ ಶಬ್ದದ ಹುಟ್ಟನ್ನು ಶಾಬ್ದಿಕರು ಸೊಗಸಾಗಿ ವಿವರಿಸಿದ್ದಾರೆ. ಕುಶವೆಂದರೆ ದರ್ಭೆ. ಅದರ ಅಲಗು ಹರಿತವಾದುದು. ಎಚ್ಚರ ತಪ್ಪಿ ಕಿತ್ತರೆ ಬೆರಳು ಕೊಯ್ದುಹೋಗುವುದು. ಕೈಗೆ ಗಾಯವಾಗದಂತೆ ಕುಶವನ್ನು ಕಿತ್ತು ತರಬಲ್ಲವನೇ ಕುಶಲನು. ಕಾಲಕ್ರಮದಲ್ಲಿ ಈ ಮೂಲಾರ್ಥವು ಮರೆಯಾಗಿ ನಿಪುಣನೆಂಬ ಅರ್ಥವೂ ಕ್ಷೇಮವೆಂಬ ಅರ್ಥವೂ ರೂಢಿಗೆ ಬಂದವು. ಆದರೂ ನೈಪುಣ್ಯ ಮತ್ತು ಕ್ಷೇಮಗಳೆರಡೂ ಕೈಯಿಂದಲೇ ಮೊದಲಾದವೆಂಬ ಸತ್ಯವು ಆ ಪದದ ಗರ್ಭದಲ್ಲಿ ಇಂದಿಗೂ ಉಳಿದಿದೆ.

ಶಾಲೆಗಳು ಮಾತ್ರ ಇದನ್ನು ಬಹುಮಟ್ಟಿಗೆ ಮರೆತಿವೆ. ಪಾಠವನ್ನು ಬಾಯಿಗೆ ತಂದುಕೊಂಡವನು ಜಾಣನೆನಿಸುತ್ತಾನೆ. ತರಲಾರದವನನ್ನು ಕುರಿತು ‘ಅವನಿಗೆ ವಿದ್ಯೆ ಹತ್ತಲಿಲ್ಲ’ ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಹೀಗೆ ಶಾಲೆ ಬಿಟ್ಟ ಹಳ್ಳಿಯ ಹುಡುಗನು ಇತ್ತ ಅಕ್ಷರಕ್ಕೂ ಸಲ್ಲದೆ, ಅತ್ತ ಕಸುಬಿಗೂ ಸಲ್ಲದೆ ನಡುದಾರಿಯಲ್ಲಿ ನಿಲ್ಲುತ್ತಾನೆ. ವಿದ್ಯೆಯು ಅವನನ್ನು ಯಾವ ದ್ವಾರದಿಂದ ಪ್ರವೇಶಿಸಬಹುದಾಗಿತ್ತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಕೃತಿಯಲ್ಲಿ ತೋರಿಸಿದವರಲ್ಲಿ ಡಾ. ಶ್ರೀನಾಥ ಕಲಬಾಗ ಅವರು ಒಬ್ಬರು.

ಕಲಬಾಗರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆಹಾರ ತಂತ್ರಜ್ಞಾನದ ವ್ಯಾಸಂಗ ಮಾಡಿ ಡಾಕ್ಟರೇಟ್ ಪದವಿ ಪಡೆದವರು. ಸ್ವದೇಶಕ್ಕೆ ಮರಳಿದ ಮೇಲೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಸೇವೆ ಸಲ್ಲಿಸಿ, ಅನಂತರ ಹಿಂದೂಸ್ಥಾನ್ ಲೀವರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಉನ್ನತ ಹುದ್ದೆಯನ್ನು ವಹಿಸಿದ್ದರು. ಸುಖವಾಗಿ ನಿವೃತ್ತಿಯವರೆಗೆ ಸಾಗಬಹುದಾಗಿದ್ದ ಆ ಮಾರ್ಗವನ್ನು ಅವಧಿಗೆ ಮುನ್ನವೇ ತೊರೆದು, 1983ರಲ್ಲಿ ಪುಣೆ ಜಿಲ್ಲೆಯ ಪಾಬಳ ಎಂಬ ಗ್ರಾಮದಲ್ಲಿ ‘ವಿಜ್ಞಾನ ಆಶ್ರಮ’ವನ್ನು ಸ್ಥಾಪಿಸಿದರು. ಪಾಬಳವು ಮಳೆ ಕಡಿಮೆಯಾದ ಬರಪೀಡಿತ ಸೀಮೆ. ಅನುಕೂಲವುಳ್ಳ ಊರಿನಲ್ಲಿ ಫಲಿಸಿದ ಪ್ರಯೋಗವು ಅನುಕೂಲವಿಲ್ಲದ ಊರಿಗೆ ಒದಗಲಾರದು. ಇಂಥ ನೆಲದಲ್ಲಿ ಬೇರೂರಿದ ಶಿಕ್ಷಣವಾದರೆ ದೇಶದ ಬೇರೆ ಹಳ್ಳಿಗಳಲ್ಲಿಯೂ ನಿಂತೀತು.

ಆಶ್ರಮದ ಶಿಕ್ಷಣವು ಒಂದು ವರ್ಷದ್ದು. ವಿದ್ಯಾರ್ಥಿಗಳು ಅಲ್ಲಿಯೇ ವಾಸಿಸುತ್ತಾರೆ. ಎಂಟನೆಯ ತರಗತಿಯವರೆಗೆ ಓದಿ ಬಿಟ್ಟವರಿಗೂ ಅಲ್ಲಿ ಬಾಗಿಲು ತೆರೆದಿದೆ. ಯಂತ್ರಕಾರ್ಯ ಮತ್ತು ಕಟ್ಟಡ, ಶಕ್ತಿ ಮತ್ತು ಪರಿಸರ, ಗೃಹ ಮತ್ತು ಆರೋಗ್ಯ, ಕೃಷಿ ಮತ್ತು ಪಶುಪಾಲನೆ ಎಂದು ನಾಲ್ಕು ವಿಭಾಗಗಳು. ಪ್ರತಿಯೊಬ್ಬನೂ ಸರದಿಯಂತೆ ನಾಲ್ಕರಲ್ಲಿಯೂ ದುಡಿಯಬೇಕು. ವೆಲ್ಡಿಂಗ್ ಕಲಿತವನು ವಿದ್ಯುತ್ ತಂತಿಯನ್ನೂ ಎಳೆಯಬೇಕು. ತಂತಿ ಎಳೆದವನು ಸಸಿಯನ್ನೂ ಬೆಳೆಸಬೇಕು. ಹಳ್ಳಿಯಲ್ಲಿ ಒಂದೇ ಕಸುಬನ್ನು ನಂಬಿದವನಿಗೆ ವರ್ಷವಿಡೀ ಕೆಲಸ ಸಿಕ್ಕುವುದು ಕಷ್ಟ. ಬಹುಮುಖ ಪರಿಣತಿಯುಳ್ಳವನಿಗೆ ಅದೇ ಹಳ್ಳಿಯಲ್ಲಿ ಅನ್ನವುಂಟು.

ಈ ಪದ್ಧತಿಯಲ್ಲಿ ಶಾಸ್ತ್ರವು ಕೆಲಸದ ಬೆನ್ನ ಹಿಂದೆಯೇ ಬರುತ್ತದೆ. ಭೂಗರ್ಭದ ನೀರನ್ನು ಹುಡುಕುವ ವಿಧಾನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಆಶ್ರಮವು ಇದಕ್ಕಾಗಿ ಕಡಿಮೆ ವೆಚ್ಚದ ಮಾಪಕವೊಂದನ್ನು ರೂಪಿಸಿತು. ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡರ ನಡುವಣ ವೋಲ್ಟೇಜನ್ನು ಅಳೆಯುವುದು ಇಂಥ ಪರೀಕ್ಷೆಯ ಕ್ರಮ. ಒಣಗಿದ ಗಟ್ಟಿಬಂಡೆಯು ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುತ್ತದೆ. ನೀರುಂಡ ಸಡಿಲ ಶಿಲಾಪದರವು ಕಡಿಮೆ ತಡೆಯೊಡ್ಡುತ್ತದೆ. ಗೂಟಗಳ ನಡುವಣ ಅಂತರವನ್ನು ಹೆಚ್ಚಿಸಿದಷ್ಟೂ ಇನ್ನೂ ಆಳದ ಸುದ್ದಿ ತಿಳಿಯುತ್ತದೆ. ವಿದ್ಯುತ್ತಿನ ತಡೆಯ ಸೂತ್ರವನ್ನು ಪರೀಕ್ಷೆಯಲ್ಲಿ ಬರೆಯಲಾರದೆ ಸೋತ ಹುಡುಗನು ಇಲ್ಲಿ ಅದೇ ಸೂತ್ರವನ್ನು ಹಿಡಿದು ಲೆಕ್ಕಮಾಡುತ್ತಾನೆ. ಅವನ ಲೆಕ್ಕವನ್ನು ನಂಬಿ ಒಬ್ಬ ರೈತನು ಸಾಲ ಮಾಡಿ ಬಾವಿ ತೋಡುವವನಿದ್ದಾನೆ. ಅಂಕೆಯ ಹಿಂದೆ ಒಂದು ಸಂಸಾರದ ಅಳಿವು ಉಳಿವು ನಿಂತಾಗ ಅದನ್ನು ಉದಾಸೀನದಿಂದ ಬರೆಯಲು ಕೈಯೇಳುವುದಿಲ್ಲ.

ಗುಮ್ಮಟದ ಮನೆಯೂ ಇಂಥದೇ ಪಾಠ. ನಾಲ್ಕು ಸರಳುಗಳನ್ನು ತುದಿಗೆ ತುದಿ ಬೋಲ್ಟು ಹಾಕಿ ಜೋಡಿಸಿದ ಚೌಕವು ಮೂಲೆಯನ್ನು ಒತ್ತಿದರೆ ವಾಲುತ್ತದೆ. ಮೂರು ಸರಳುಗಳ ತ್ರಿಕೋನವು, ಸರಳೇ ಬಾಗದ ಹೊರತು, ತನ್ನ ಆಕಾರವನ್ನು ಬಿಡದು. ಇಂಥ ತ್ರಿಕೋನಗಳನ್ನೇ ಹೆಣೆದು ಕಟ್ಟಿದ ಗುಮ್ಮಟವು ಕಡಿಮೆ ಸಾಮಗ್ರಿಯಲ್ಲಿ ದೃಢವಾಗಿ ನಿಲ್ಲುತ್ತದೆ. ಇದು ‘ಪಾಬಳ ಗುಮ್ಮಟ’ವೆಂದೇ ಹೆಸರಾಯಿತು, 1993ರ ಭೂಕಂಪದ ಬಳಿಕ ಲಾತೂರಿನ ಪ್ರದೇಶದಲ್ಲಿಯೂ ಇಂಥ ಗುಮ್ಮಟಗಳು ಎದ್ದವು. ಒಂದು ಸರಳಿನ ಅಳತೆ ತಪ್ಪಿದರೂ ಕೊನೆಯ ರಂಧ್ರಗಳು ಒಂದಕ್ಕೊಂದು ಕೂಡುವುದಿಲ್ಲ. ಆಗ ಶಿಕ್ಷಕನು ಗದರಿಸಬೇಕಾದುದಿಲ್ಲ. ತಪ್ಪನ್ನು ಕಬ್ಬಿಣವೇ ತೋರಿಸಿಕೊಡುತ್ತದೆ. ಹಳೆಯ ಜೀಪಿನ ಬಿಡಿಭಾಗಗಳಿಂದ ‘ಮೆಕ್‌ಬುಲ್’ ಎಂಬ ಸಣ್ಣ ಟ್ರಾಕ್ಟರೂ ಇದೇ ಆಶ್ರಮದಲ್ಲಿ ಸಿದ್ಧವಾಯಿತು.

ಇಷ್ಟೆಲ್ಲವನ್ನು ನಡೆಸಿದ ಶಕ್ತಿ ಯಾವುದು? ಯಂತ್ರಗಳೆಂದರೆ ಅದು ಅರ್ಧ ಸತ್ಯ. ದಾನಿಗಳ ಔದಾರ್ಯದಿಂದ ಶಾಲೆಗೆ ಬಂದ ಉಪಕರಣಗಳು ಬಳಸುವವರಿಲ್ಲದೆ ಕೋಣೆಯಲ್ಲಿ ತುಕ್ಕು ಹಿಡಿಯುವುದುಂಟು. ಪಾಬಳದಲ್ಲಿ ಕಲಬಾಗರು ಹಿಡಿದ ನಿಯಮವೇ ಬೇರೆ: ಕಲಿಸುವವನು ಮೊದಲು ಮಾಡಬಲ್ಲವನಾಗಿರಬೇಕು, ಊರಿನವರು ಹಣ ಕೊಟ್ಟು ಕೊಳ್ಳುವಂಥ ಕೆಲಸವನ್ನೇ ಶಿಷ್ಯರೊಡನೆ ಕೂಡಿ ಮಾಡಬೇಕು. ಕಲಿಕೆಗೆಂದು ಮಾಡಿ ಮೂಲೆಗೆಸೆಯುವ ವಸ್ತುವಿನಲ್ಲಿ ದೋಷವಿದ್ದರೆ ಅಂಕವಷ್ಟೇ ಕಡಿಮೆಯಾದೀತು. ರೈತನ ಗೇಟಿನ ಬೆಸುಗೆ ಬಿಟ್ಟರೆ ಮಾನವೇ ಹೋದೀತು. ಗುರುವಿನ ಬಟ್ಟೆಗೂ ಗ್ರೀಸಿನ ಕಲೆಯಂಟಿರುವುದನ್ನು ಕಂಡ ಶಿಷ್ಯನಿಗೆ ದೈಹಿಕ ಶ್ರಮದ ಘನತೆಯನ್ನು ಕುರಿತು ಬೇರೆ ಉಪನ್ಯಾಸ ಬೇಕಾಗದು.

ಸಂಸ್ಥಾಪಕನೊಡನೆ ಸಂಸ್ಥೆಯೂ ಮುಗಿಯುವುದನ್ನು ಲೋಕವು ಎಷ್ಟೋ ಬಾರಿ ಕಂಡಿದೆ. 2003ರಲ್ಲಿ ಕಲಬಾಗರು ಕಾಲವಾದಾಗ ಪಾಬಳಕ್ಕೂ ಆ ಪರೀಕ್ಷೆ ಬಂದಿತು. ಆದರೆ ಡಾ. ಯೋಗೇಶ ಕುಲಕರ್ಣಿಯವರು ಹೊಣೆಯನ್ನು ಹೊತ್ತು ಕಾರ್ಯವನ್ನು ಮುಂದುವರಿಸಿದರು. ಕಲಬಾಗರು ಬದುಕಿದ್ದಾಗಲೇ, 2002ರಲ್ಲಿ, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಹಯೋಗದಿಂದ ಸ್ಥಾಪಿತವಾದ ‘ಫ್ಯಾಬ್ ಲ್ಯಾಬ್’ ಎಂಬ ಕಾರ್ಯಾಗಾರವು ಆ ದೇಶದ ಹೊರಗೆ ತೆರೆದ ಇಂಥ ಮೊದಲ ಕಾರ್ಯಾಗಾರಗಳಲ್ಲೊಂದು. ಆಶ್ರಮವು ಮಹಾರಾಷ್ಟ್ರದ ಪ್ರೌಢಶಾಲೆಗಳಿಗಾಗಿ ರೂಪಿಸಿದ ತಾಂತ್ರಿಕ ಶಿಕ್ಷಣಕ್ರಮದಲ್ಲಿ ಎಂಟರಿಂದ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ವಾರಕ್ಕೊಂದು ದಿನ ಕೈಕೆಲಸದಲ್ಲಿ ತೊಡಗುತ್ತಾರೆ. ಅವರಲ್ಲಿ ಗಂಡುಮಕ್ಕಳಷ್ಟೇ ಅಲ್ಲದೆ ಹೆಣ್ಣುಮಕ್ಕಳೂ ಬೆಸುಗೆಯ ಕನ್ನಡಕವನ್ನು ಧರಿಸುತ್ತಾರೆ.

ವಿದ್ಯಾಸಂಸ್ಥೆಗಳನ್ನು ಕಟ್ಟಿ ಬೆಳೆಸುವವರಿಗೆ ಪಾಬಳವು ಹೇಳುವ ಮಾತು ಸರಳವಾದುದು. ಶಿಕ್ಷಕನು ತೋಳು ಮಡಿಸಿ ಮುಂದೆ ನಿಲ್ಲಲಿ. ದಾನಿಯು ಕಟ್ಟಡದೊಡನೆ ಕಾರ್ಯಾಗಾರವನ್ನೂ ನೆನೆಯಲಿ. ಕಸುಬು ಬಲ್ಲ ಹಳೆಯ ವಿದ್ಯಾರ್ಥಿಯು ತಿಂಗಳಿಗೊಮ್ಮೆಯಾದರೂ ಬಂದು ಕಿರಿಯರ ಕೈಹಿಡಿದು ತಿದ್ದಲಿ. ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗನಿಗೆ ವಿದ್ಯೆ ಹತ್ತಲಿಲ್ಲವೆಂದು ತೀರ್ಪು ಕೊಡುವ ಮೊದಲು ಅವನ ಕೈಗೊಂದು ಸ್ಪಾನರು ಕೊಟ್ಟು ನೋಡುವುದು ಒಳ್ಳೆಯದು. ಮುಂದೊಂದು ದಿನ ಅವನು ದಾರಿಯಲ್ಲಿ ಎದುರಾಗಿ ‘ಕುಶಲವೇ?’ ಎಂದು ಕೇಳಿದಾಗ ಗುರುವು ತಲೆಯೆತ್ತಿ ಉತ್ತರ ಕೊಡುವಂತಾಗಬೇಕು.